ಓಬಮ್ಮ ಕೈಗೆ ನೀರು ಕೇಳಿದ್ದು

ಹಿಂದೂಪುರದ ಪೇಟೆ ಬೀದಿಯ ಹಿಂದೆ ಒಂದು ಸಂದಿ ಇತ್ತು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು, ಅಷ್ಟು ಕಿರಿದು. ಸಾವುಕಾರರ ಮನೆಗಳ ಕಕ್ಕಸುಗಳೆಲ್ಲ ಆ ಸಂದಿಗೆ ಬೆನ್ನು ಮಾಡಿದ್ದವು. ಪ್ರತಿ ಕಕ್ಕಸಿನ ಬುಡದಲ್ಲಿ ಮೊಣಕಾಲೆತ್ತರದ ತಗಡಿನ ಬಾಗಿಲು. ಓಬಮ್ಮ ಆ ಬಾಗಿಲೆತ್ತಿ, ಕುಕ್ಕರಗಾಲಲ್ಲಿ ಕೂತು, ಕೈ ಒಳಗೆ ಹಾಕಿ, ತಗಡಿನ ಚೂರಿನಿಂದ ಹೇಲು ಕೆರೆದು ಬುಟ್ಟಿಗೆ ತುಂಬುತ್ತಿದ್ದಳು. ಬುಟ್ಟಿಯ ತಳಕ್ಕೆ ಬೂದಿ. ತಲೆಯ ಮೇಲೆ ಹಳೇ ಸೀರೆಯ ಸಿಂಬಿ. ಮಳೆಗಾಲದಲ್ಲಿ ಬೂದಿ ನೆನೆದು ಬುಟ್ಟಿ ಸೋರುತ್ತಿತ್ತು. ಸೋರಿದ್ದು ಹಣೆಗೆ, ಹಣೆಯಿಂದ ಕಣ್ಣಿಗೆ, ಕಣ್ಣಿನಿಂದ ತುಟಿಗೆ ಇಳಿಯುತ್ತಿತ್ತು. ತುಟಿ ಬಿಗಿಹಿಡಿದು ನಡೆಯಬೇಕು. ಯಾರಾದರೂ ಮಾತಾಡಿಸಿದರೆ ಬಾಯಿ ತೆರೆಯುವಂತಿಲ್ಲ. ಯಾರೂ ಮಾತಾಡಿಸುತ್ತಲೂ ಇರಲಿಲ್ಲ.

ಕೆಲವು ಸಲ ಕೈ ಒಳಗಿದ್ದಾಗಲೇ ಮೇಲೆ ಯಾರೋ ಬಂದು ಕೂರುವರು. ಆಗ ಅವಳು ಕೆಮ್ಮುವಳು. ಕೆಮ್ಮು ಕೇಳಿದರೆ ಏಳುವವರು ಕೆಲವರು. ಕೇಳಿಯೂ ಏಳದವರು ಬಹಳ ಜನ.

ಅವಳು ಹುಟ್ಟಿದ್ದು ಕಲ್ಯಾಣದುರ್ಗದ ಕೇರಿಯಲ್ಲಿ. ಅಲ್ಲಿ ಅವರ ಮನೆಯವರು ಕೂಲಿಗೆ ಹೋಗುತ್ತಿದ್ದರು. ಕಡಲೆಕಾಯಿ ಕೀಳುವುದು, ಬಿಡಿಸುವುದು, ಕಲ್ಲು ಹೊರುವುದು. ಹೊಲದವರು ಅಲ್ಲಿಯೂ ದೂರವೇ ನಿಲ್ಲಿಸುತ್ತಿದ್ದರು, ಮೇಲಿಂದಲೇ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಆದರೆ ಹೇಲು ಹೊರುವ ಕೆಲಸ ಆ ಕೇರಿಯವರು ಕಂಡಿರಲಿಲ್ಲ. ಗಂಡ ಮುನೆಪ್ಪನಿಗೆ ಹಿಂದೂಪುರದಲ್ಲಿ ಕೆಲಸ ಇದೆ, ತಿಂಗಳ ಸಂಬಳ ಇದೆ ಎಂದು ಕೇಳಿ ಅಪ್ಪ ಕೊಟ್ಟು ಮದುವೆ ಮಾಡಿದ್ದ. ಬಂದ ಹೊಸದರಲ್ಲೇ ಅತ್ತೆ ಒಂದು ಮುಂಜಾನೆ ಸಂದಿಗೆ ಕರೆದುಕೊಂಡು ಹೋಗಿ ತಲೆಗೆ ಬುಟ್ಟಿ ಇಟ್ಟಳು. ಓಬಮ್ಮ ಅಲ್ಲೇ ಕಕ್ಕಿದಳು. ಕಕ್ಕಿದ್ದನ್ನೂ ಅತ್ತೆ ಅವಳ ಕೈಯಿಂದಲೇ ಬಳಿಸಿದಳು.

ಈಗ ಅತ್ತೆ ಸತ್ತು ಬಹಳ ಕಾಲವಾಗಿತ್ತು. ಮಕ್ಕಳಾಗಿರಲಿಲ್ಲ. ತವರಿಗೆ ಹೋದಾಗ ಅವ್ವ ಕೇಳಿದರೆ, ಆಫೀಸು ಗುಡಿಸ್ತೀನಿ ಕಣವ್ವ ಎನ್ನುತ್ತಿದ್ದಳು. ಅವ್ವ ಅದನ್ನೇ ಕೇರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಸಂದಿ ಬಳಿಯುವ ಗುತ್ತಿಗೆ ಹಿಡಿದಿದ್ದವನು ರಾಮಲಿಂಗಯ್ಯ. ನೇಯ್ಗೆಯವರ ಮನೆತನ. ಅವನಪ್ಪ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದವನು. ಇವನು ಮಗ್ಗ ಬಿಟ್ಟು ನೂಲಿನ ವ್ಯಾಪಾರಕ್ಕೆ ಇಳಿದು, ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ವಾರ್ಡಿಗೆ ನಿಂತು ಮೆಂಬರಾಗಿದ್ದ. ಓಟಿನ ಸಮಯಕ್ಕೆ ಓಬಮ್ಮನವರ ಕೇರಿಯ ಬೇವಿನ ಮರದವರೆಗೆ ಬಂದು, ಅಲ್ಲಿಂದಲೇ ಕೈ ಮುಗಿದು, ನೀವೆಲ್ಲ ನನ್ನ ಮಕ್ಕಳಿದ್ದಂಗೆ ಎಂದು ಹೇಳಿ ಹೋಗಿದ್ದ. ಗುತ್ತಿಗೆ ಭಾಮೈದನ ಹೆಸರಲ್ಲಿತ್ತು. ಕಾರುಬಾರೆಲ್ಲ ಇವನದು. ಹೆಂಗಸರು ಸಂದಿಯ ಬಾಯಿಗೆ ಹೊತ್ತು ತಂದದ್ದನ್ನು ಮುನೆಪ್ಪ ಮತ್ತು ಇತರ ಗಂಡಸರು ಗಾಡಿಗೆ ಸುರಿದುಕೊಂಡು ಊರಾಚೆಯ ಗುಂಡಿಗಳಿಗೆ ಎಳೆದೊಯ್ದು ಹಾಕುತ್ತಿದ್ದರು. ಅಲ್ಲಿ ಅದು ಗೊಬ್ಬರವಾಗುತ್ತಿತ್ತು. ಗೊಬ್ಬರವನ್ನು ರಾಮಲಿಂಗಯ್ಯ ಕೆರೆ ಕೆಳಗಿನ ಕಬ್ಬಿನ ತೋಟಗಳಿಗೆ ಮಾರುತ್ತಿದ್ದ. ಕಬ್ಬು ಬೆಲ್ಲವಾಗಿ ಪೇಟೆಯ ಮಂಡಿಗೆ ಬರುತ್ತಿತ್ತು. ಊರು ಬದುಕಿದ್ದೇ ಆ ಬೆಲ್ಲದ ಮೇಲೆ, ಹುಣಿಸೆಹಣ್ಣಿನ ಮೇಲೆ. ಹಬ್ಬಕ್ಕೆ ಒಂದು ಉಂಡೆ ಬೆಲ್ಲ ಬೇಕೆಂದು ಓಬಮ್ಮ ಹೋದರೆ ಮಂಡಿಯವರು ರಸ್ತೆಯ ಆಚೆ ನಿಲ್ಲಿಸುತ್ತಿದ್ದರು. ಬೆಲ್ಲವನ್ನು ಅಲ್ಲಿಂದಲೇ ಎಸೆಯುತ್ತಿದ್ದರು. ಅವಳು ಸೆರಗೊಡ್ಡಿ ಹಿಡಿಯಬೇಕು. ತಪ್ಪಿದರೆ ಮಣ್ಣಿನಿಂದ ಆರಿಸಿಕೊಳ್ಳಬೇಕು.

ಅರವತ್ತರ ಆಚೀಚೆಯ ವರ್ಷಗಳು. ಪೇಟೆಗೆ ಕರೆಂಟು ಬಂದಿತ್ತು, ಕೊಳಾಯಿ ಬಂದಿತ್ತು. ಮಂಡಿಯ ಮುಂದೆ ಬೀದಿ ಕೊಳಾಯಿ, ಉಳ್ಳವರ ಹಿತ್ತಲಲ್ಲಿ ಸ್ವಂತ ಕೊಳಾಯಿ. ಕೇರಿಗೆ ಮಾತ್ರ ಅದೇ ಹಳೇ ಕುಂಟೆ. ಎಮ್ಮೆ ಹೊರಳಿದ ನೀರನ್ನೇ ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದರು. ಆ ಬೇಸಿಗೆಯಲ್ಲಿ ಕುಂಟೆಯೂ ಬಿರುಕುಬಿಟ್ಟಿತ್ತು. ಕುಡಿಯಲು ಒಂದು ಕೊಡ ನೀರನ್ನು ಕೆರೆಯ ಆಚೆ ದಡದಿಂದ ಹೊತ್ತು ತರಬೇಕು. ಕೈ ತೊಳೆಯಲು ಅಷ್ಟು ದೂರದ ನೀರು ಯಾರು ಚೆಲ್ಲುತ್ತಾರೆ? ಹೆಂಗಸರು ಕೈಗೆ ಬೂದಿ ಹಚ್ಚಿ, ಎಕ್ಕದ ಎಲೆಯಿಂದ ಉಜ್ಜಿ, ಮಣ್ಣಲ್ಲಿ ಒರೆಸಿಕೊಳ್ಳುತ್ತಿದ್ದರು. ಓಬಮ್ಮ ಮುದ್ದೆಯನ್ನು ಕೈಯಿಂದ ಮುರಿಯುವುದನ್ನೇ ಬಿಟ್ಟಿದ್ದಳು. ತೆಂಗಿನ ಚಿಪ್ಪಿನ ಚೂರಿನಿಂದ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆದರೂ ಬಾಯಿ ಹತ್ತಿರ ಬಂದಾಗ ಬೆರಳಿನ ವಾಸನೆ ಬರುತ್ತಿತ್ತು.

ಆ ಬೇಸಿಗೆಯಲ್ಲೇ ರಾಮಲಿಂಗಯ್ಯನ ಮಗಳು ಗಂಗಾದೇವಿಯ ಮದುವೆ. ಬೀದಿಯುದ್ದ ಚಪ್ಪರ. ಧರ್ಮಾವರದಿಂದ, ಅನಂತಪುರದಿಂದ ನೆಂಟರು ಬಂದು ಇಳಿದಿದ್ದರು. ಮನೆ ತುಂಬಿದಂತೆ ಕಕ್ಕಸೂ ತುಂಬಿತು. ಮದುವೆಯ ಹಿಂದಿನ ದಿನ ಮಧ್ಯಾಹ್ನ ಗುತ್ತಿಗೆಯ ಮೇಸ್ತ್ರಿ ವೆಂಕಟರಮಣಪ್ಪ ಕೇರಿಗೆ ಬಂದು, ಓಬಮ್ಮ ಈಗಲೇ ಬರಬೇಕು ಎಂದ. ಮುಂಜಾನೆ ತಾನೇ ಬಳಿದು ಬಂದಿದ್ದೇನಲ್ಲ ಎಂದಳು. ಮದುಮಗಳ ವಜ್ರದ ಓಲೆ ಕಕ್ಕಸಿಗೆ ಬಿದ್ದಿದೆ, ಬೇಗ ಎದ್ದೇಳು ಎಂದ.

ಹಿತ್ತಲ ಬಾಗಿಲಲ್ಲಿ ರಾಮಲಿಂಗಯ್ಯನ ಹೆಂಡತಿ ಪದ್ಮಾವತಮ್ಮ ಮೂಗಿಗೆ ಸೆರಗು ಒತ್ತಿ ನಿಂತಿದ್ದಳು. ಓಬಮ್ಮ ತಗಡಿನ ಬಾಗಿಲೆತ್ತಿ ಚೂರು ಕೈಗೆ ತೆಗೆದುಕೊಂಡಳು. ತಗಡು ಹಾಕಿದರೆ ಹರಳು ಒಡೆದುಹೋದೀತು, ಕೈಯಲ್ಲೇ ಹುಡುಕು ಎಂದು ಪದ್ಮಾವತಮ್ಮ ಮೇಲಿಂದ ಹೇಳಿದಳು.

ಓಬಮ್ಮ ಕೈ ಹಾಕಿದಳು. ಮೊಣಕೈವರೆಗೆ ಇಳಿಯಿತು. ಬೆಚ್ಚಗಿತ್ತು. ನೆಂಟರೆಲ್ಲ ಒಬ್ಬಟ್ಟು, ಚಿತ್ರಾನ್ನ ತಿಂದು ಕೂತು ಎದ್ದಿದ್ದರು. ಹಿಡಿ ಹಿಡಿಯಾಗಿ ತೆಗೆದು ಚಪ್ಪಡಿಯ ಮೇಲೆ ಹಾಕಿ ಬೆರಳುಗಳ ನಡುವೆ ಹಿಸುಕಿ ನೋಡಿದಳು. ಗಟ್ಟಿಯಾಗಿ ಏನೋ ಸಿಕ್ಕಿತು. ಹುಣಿಸೆ ಬೀಜ. ಇನ್ನೊಂದು ಸಿಕ್ಕಿತು. ಅದೂ ಹುಣಿಸೆ ಬೀಜ. ಮೆಣಸಿನಕಾಯಿ ತೊಟ್ಟು, ಕರಿಬೇವಿನ ಎಲೆ, ಇನ್ನೂ ಮಿಸುಕಾಡುವ ಜಂತುಹುಳು. ಬಿಸಿಲು ನೆತ್ತಿಯ ಮೇಲಿತ್ತು. ನೊಣಗಳು ಅವಳ ಕಣ್ಣಿನ ಮೂಲೆಗೆ ಕೂತವು. ಓಡಿಸಲು ಕೈ ಇರಲಿಲ್ಲ. ತಲೆ ಕೊಡವಿದಳು, ಭುಜಕ್ಕೆ ಮುಖ ಉಜ್ಜಿದಳು. ಗೋಡೆಯ ಆಚೆ ಅಡಿಗೆಯವರು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಆ ವಾಸನೆ, ಈ ವಾಸನೆ ಒಂದಾಗಿ ಗಂಟಲಿಗೆ ಬಂತು. ನುಂಗಿಕೊಂಡಳು. ಕಕ್ಕಸಿನ ಗೂಡು ಬರಿದಾಗುವ ಹೊತ್ತಿಗೆ ಓಲೆ ಸಿಕ್ಕಿತು.

ದೊರಿಕಿಂದಾ, ಸಿಕ್ಕಿತಾ ಎಂದು ಪದ್ಮಾವತಮ್ಮ ತೆಲುಗು ಕನ್ನಡ ಎರಡರಲ್ಲೂ ಕೇಳಿದಳು. ಓಬಮ್ಮ ಹಿತ್ತಲ ಬಾಗಿಲ ಹತ್ತಿರ ಬಂದು ಅಂಗೈ ತೆರೆದು ತೋರಿಸಿದಳು. ಓಲೆ ಕಾಣುತ್ತಿರಲಿಲ್ಲ, ಅದರ ಆಕಾರ ಮಾತ್ರ ಕಾಣುತ್ತಿತ್ತು. ಬಾಗಿಲಿನಿಂದ ಎರಡು ಮಾರು ಒಳಗೆ ಹಿತ್ತಲ ಕೊಳಾಯಿ. ಕೆಳಗೆ ತಾಮ್ರದ ಹಂಡೆ ತುಂಬಿ ನೀರು ಹೊರಗೆ ಹರಿದು ಬಾಳೆಯ ಬುಡಕ್ಕೆ ಹೋಗುತ್ತಿತ್ತು.

"ಒಂಚೂರು ನೀರು ಬಿಡ್ರಮ್ಮ. ಇದ್ನ ತೊಳ್ದು ಕೊಡ್ತೀನಿ. ಹಂಗೇ ಕೈಗೂ ಒಂದೀಟು ಹುಯ್ರಿ" ಅಂದಳು.

ಓಲೆಯನ್ನು ಕಲ್ಲಿನ ಮೇಲಿಡು, ಅದಕ್ಕೆ ನಾವು ನೀರು ಹೊಯ್ದುಕೊಳ್ಳುತ್ತೇವೆ, ನೀನು ಹೋಗಿ ಕುಂಟೆಯಲ್ಲಿ ತೊಳೆದುಕೋ ಎಂದಳು ಪದ್ಮಾವತಮ್ಮ. ಕುಂಟೆ ಒಣಗಿದೆ ಎಂದು ಓಬಮ್ಮ ಹೇಳಿದಳು. ಪದ್ಮಾವತಮ್ಮನಿಗೆ ಅದು ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅವಳು ಅಲುಗಲಿಲ್ಲ. ಒಳಗಿಂದ ರಾಮಲಿಂಗಯ್ಯ ಬಂದ. ರೇಷ್ಮೆ ಪಂಚೆ, ಹಣೆಗೆ ಗಂಧ. ಏನು ಗಲಾಟೆ ಎಂದ. ಹೆಂಡತಿ ಹೇಳಿದಳು.

"ಕೊಳಾಯಿ ನೀರು ಮದುವೆ ಅಡಿಗೇದು" ಎಂದ. "ಓಲೆ ಅಲ್ಲಿಟ್ಟು ಹೊರಡು."

"ಕೈ ನೋಡ್ರಿ ಸಾವ್ಕಾರ್ರೇ. ಇಂಗೆ ಹೆಂಗೆ ಹೋಗ್ಲಿ? ಒಂದು ಚೆಂಬು ಸಾಕು. ಮ್ಯಾಲಿಂದ್ಲೇ ಹುಯ್ರಿ."

"ದಿನಾ ಹೋಗಲ್ವೇನು ಹಂಗೇ?"

"ಇದು ನಿಮ್ಮನೇದು ಸ್ವಾಮಿ, ನನ್ ಕೈಯಾಗಿರೋದು."

ರಾಮಲಿಂಗಯ್ಯ ನಕ್ಕ. "ಅದು ನಿನ್ ಕೈಯಾಗೇ ಇರ್ಬೇಕಾದ್ದು" ಎಂದ.

ಓಬಮ್ಮ ಅವನ ಮುಖ ನೋಡಿದಳು. ಅಷ್ಟು ವರ್ಷ ಆ ಮನೆಯ ಕಕ್ಕಸು ಬಳಿದಿದ್ದಳು. ಅವನ ಮುಖವನ್ನು ಹಾಗೆ ನೇರ ನೋಡಿದ್ದು ಆಗಲೇ. ನುಣ್ಣಗೆ ಕ್ಷೌರವಾದ ಮುಖ, ವೀಳ್ಯದಿಂದ ಕೆಂಪಾದ ತುಟಿ. ಗೂಡಿನೊಳಗಿದ್ದುದಕ್ಕಿಂತ ಅದೇ ಹೆಚ್ಚು ಹೇಸಿಗೆ ಎನಿಸಿತು.

ಅವಳು ತಿರುಗಿ ಸಂದಿಗೆ ಇಳಿದಳು. ಚಪ್ಪಡಿಯ ಮೇಲೆ ಗುಡ್ಡೆ ಹಾಕಿದ್ದನ್ನೆಲ್ಲ ಎರಡೂ ಕೈಯಲ್ಲಿ ಗೂಡಿನೊಳಕ್ಕೆ ತಳ್ಳಿದಳು. ಅದರ ಮೇಲೆ ಓಲೆಯನ್ನು ಬಿಟ್ಟು, ಕೈಯಿಂದ ಒಳಕ್ಕೆ ಒತ್ತಿದಳು. ತಗಡಿನ ಬಾಗಿಲು ಮುಚ್ಚಿದಳು.

"ನಿಮ್ಮದು ಎಲ್ಲಿತ್ತೋ ಅಲ್ಲೇ ಮಡಗಿವ್ನಿ. ನೀವೇ ತಕ್ಕೊಳ್ರಿ" ಎಂದಳು.

ಪದ್ಮಾವತಮ್ಮ ಕಿರುಚಿಕೊಂಡಳು. ಮೇಸ್ತ್ರಿ ಬೈಯುತ್ತ ಸಂದಿಯೊಳಗೆ ಬಂದ. ಓಬಮ್ಮ ಆ ಎರಡು ಕೈಯನ್ನು ಮುಂದೆ ಹಿಡಿದು ನಡೆದಳು. ಮೇಸ್ತ್ರಿ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಅವಳು ಸಂದಿ ದಾಟಿ ಪೇಟೆ ಬೀದಿಗೆ ಬಂದಳು. ಚಪ್ಪರದ ಕೆಳಗೆ ಕೂತಿದ್ದ ನೆಂಟರು ಎದ್ದು ಚದುರಿದರು. ಅವಳು ನೆಟ್ಟಗೆ ಮಂಡಿಯ ಮುಂದಿನ ಬೀದಿ ಕೊಳಾಯಿಗೆ ಹೋದಳು. ಬಿಂದಿಗೆ ಇಟ್ಟುಕೊಂಡು ನಿಂತಿದ್ದ ಹೆಂಗಸರು ಬಿಂದಿಗೆ ಬಿಟ್ಟು ಓಡಿದರು. ಓಬಮ್ಮ ಮೊಣಕೈಯಿಂದ ನಲ್ಲಿ ತಿರುಗಿಸಿದಳು.

ನೀರು ಬಂತು. ತಣ್ಣಗಿತ್ತು. ಅವಳು ಅವಸರ ಮಾಡಲಿಲ್ಲ. ಮೊದಲು ಮೊಣಕೈ, ಆಮೇಲೆ ಮುಂಗೈ, ಬೆರಳ ಸಂದು, ಉಗುರು. ಕೊಳಾಯಿ ಕಟ್ಟೆಯ ಒರಟಿಗೆ ಉಗುರು ಉಜ್ಜಿದಳು. ಮುಖ ತೊಳೆದಳು. ಕೈ ಮೂಸಿ ನೋಡಿ ಮತ್ತೆ ತೊಳೆದಳು. ಕಡೆಗೆ ಬೊಗಸೆ ಒಡ್ಡಿ ಕುಡಿದಳು.

ಅಷ್ಟರಲ್ಲಿ ಜನ ಕೂಡಿತ್ತು. ಹೊಡೆಯಿರಿ ಎನ್ನುವವರು ಬಹಳ. ಹತ್ತಿರ ಹೋಗುವವರು ಯಾರೂ ಇಲ್ಲ. ಮುಟ್ಟಿದರೆ ಮೈಲಿಗೆ. ಯಾರೋ ಕಲ್ಲು ಬೀಸಿದರು. ಹಣೆಗೆ ಬಿತ್ತು. ಆಮೇಲೆ ಮೇಸ್ತ್ರಿ ಚಪ್ಪರಕ್ಕೆಂದು ತಂದಿದ್ದ ಉದ್ದನೆಯ ಬಿದಿರು ಗಳ ಎತ್ತಿಕೊಂಡ. ದೂರ ನಿಂತು ಬೆನ್ನಿಗೆ, ಕಾಲಿಗೆ ಹೊಡೆದ. ಹಾವು ಹೊಡೆದಂತೆ ಹೊಡೆದ. ಅವಳು ಬಿದ್ದಳು. ಸುದ್ದಿ ಕೇಳಿ ಗಾಡಿ ಬಿಟ್ಟು ಬಂದ ಮುನೆಪ್ಪ ಎಲ್ಲರಿಗೂ ಕೈ ಮುಗಿಯುತ್ತ, ತಪ್ಪಾಯ್ತು ಸ್ವಾಮಿ ಎನ್ನುತ್ತ ಅವಳನ್ನು ಎಬ್ಬಿಸಿ ಕೇರಿಗೆ ನಡೆಸಿಕೊಂಡು ಹೋದ. ಗುಡಿಸಲು ಮುಟ್ಟಿದ ಮೇಲೆ ಅವನೂ ಕೆನ್ನೆಗೆ ಎರಡು ಬಾರಿಸಿದ. ಆ ದಿನ ಅವಳನ್ನು ಮುಟ್ಟಿ ಹೊಡೆದವನು ಅವನೊಬ್ಬನೇ. ಪಕ್ಕದ ಗುಡಿಸಲಿನ ಬೀರಕ್ಕ ಬಂದು ಅವನ ಕೈ ಹಿಡಿದು ಹೊರಗೆ ತಳ್ಳಿದಳು.

ಪೇಟೆಯಲ್ಲಿ ಕೊಳಾಯಿಯನ್ನು ಶುದ್ಧ ಮಾಡಿದರು. ಸಗಣಿ ನೀರು ಹಾಕಿ ತೊಳೆದರು.

ಸಂಜೆಗೆ ಮೇಸ್ತ್ರಿ ಬೇವಿನ ಮರದ ಕೆಳಗೆ ಬಂದು ನಿಂತ. ರಾಮಲಿಂಗಯ್ಯನ ಮಾತು ಹೇಳಿದ. ಓಬಿ ಇನ್ನು ಕೆಲಸಕ್ಕೆ ಬರಕೂಡದು. ಕೇರಿಯವರು ಯಾರೂ ಪೇಟೆ ಬೀದಿಗೆ ಕಾಲಿಡಕೂಡದು; ಸಂದಿಯಲ್ಲೇ ಬರಬೇಕು, ಸಂದಿಯಲ್ಲೇ ಹೋಗಬೇಕು. ತಪ್ಪಿದರೆ ಗುಡಿಸಲು ಕಿತ್ತುಹಾಕಿಸುತ್ತೇನೆ. ನಾಳೆ ಧಾರೆ, ಕತ್ತಲಿರುವಾಗಲೇ ಬಂದು ಎಲ್ಲ ಬಳಿದು ಮುಗಿಸಿರಬೇಕು.

ಗಂಡಸರು ತಲೆ ತಗ್ಗಿಸಿ ಕೇಳಿದರು. ಬೀರಕ್ಕ ಎದ್ದು ಮುಂದೆ ಬಂದಳು. ಗಂಡ ಸತ್ತ ಮುದುಕಿ. ಕೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ವರ್ಷ ಸಂದಿ ಬಳಿದವಳು. ಅವಳ ಬೆರಳುಗಳಲ್ಲಿ ಉಗುರು ಇರಲಿಲ್ಲ. ಕೊಳೆತು ಉದುರಿಹೋಗಿದ್ದವು. ಆ ಬೆರಳುಗಳನ್ನು ಮೇಸ್ತ್ರಿಯ ಮುಂದೆ ಹಿಡಿದಳು.

"ಆ ಹುಡ್ಗಿ ಏನು ಕೇಳಿದ್ಲು ಮೇಸ್ತ್ರಿ? ಚಿನ್ನ ಕೇಳಿದ್ಲಾ? ಕೈಗೆ ನೀರು ಕೇಳಿದ್ಲು. ನಂಗೂ ಬೇಕು ಕಣಪ್ಪ ನೀರು. ಕೊಡೋಗಂಟ ನಾನೂ ಬರಾಕಿಲ್ಲ. ಹೋಗಿ ಹೇಳು."

ಮೇಸ್ತ್ರಿ ಉಗಿದು ಹೋದ. ಮಾರನೆಯ ಮುಂಜಾನೆ ಬೀರಕ್ಕ ತನ್ನ ಬುಟ್ಟಿಯನ್ನು ಬಾಗಿಲ ಮುಂದೆ ಬೋರಲು ಹಾಕಿ ಅದರ ಪಕ್ಕ ಕೂತಳು. ಹೊರಟಿದ್ದ ಹೆಂಗಸರು ಅವಳನ್ನು ನೋಡಿ ನಿಂತರು. ಒಬ್ಬಳು ಬುಟ್ಟಿ ಇಳಿಸಿದಳು. ಇನ್ನೊಬ್ಬಳು ಇಳಿಸಿದಳು. ಮುನೆಪ್ಪ ಗಾಡಿಯ ನೊಗ ಹಿಡಿದು ಬಹಳ ಹೊತ್ತು ನಿಂತಿದ್ದ. ಹೊತ್ತು ಮೂಡಿದ ಮೇಲೆ ಅವನೂ ನೊಗ ಬಿಟ್ಟ.

ಪೇಟೆ ಅದೇ ದಿನ ನಾರಿತು. ಧಾರೆಯ ಹೊತ್ತಿಗೆ ಮದುವೆ ಮನೆಯ ಕಕ್ಕಸು ಉಕ್ಕಿ ಸಂದಿಗೆ ಇಳಿಯಿತು. ಚಪ್ಪರದಲ್ಲಿ ಕರ್ಪೂರ, ಊದುಬತ್ತಿ ರಾಶಿ ರಾಶಿ ಹಚ್ಚಿಟ್ಟರು. ಆದರೂ ಗಂಡಿನ ಕಡೆಯವರು ಮೂಗು ಮುಚ್ಚಿಕೊಂಡೇ ಅಕ್ಷತೆ ಹಾಕಿ, ಊಟಕ್ಕೆ ಕೂರದೆ ಬಸ್ಸು ಹತ್ತಿದರು. ಓಲೆಯನ್ನು ತೆಗೆದವನು ರಾಮಲಿಂಗಯ್ಯನೇ ಅಂತೆ. ಮದುಮಗಳು ಅದು ನನಗೆ ಬೇಡ ಎಂದು ಅತ್ತರೂ ಹೆಂಡತಿ ಬಿಡಲಿಲ್ಲವಂತೆ. ಬಾಗಿಲು ಹಾಕಿಕೊಂಡು ಮೊದಲು ಇಕ್ಕಳದಲ್ಲಿ ನೋಡಿ, ಸಿಗದೆ, ಕಡೆಗೆ ಪಂಚೆ ಎತ್ತಿಕಟ್ಟಿ ಕೈ ಹಾಕಿದನಂತೆ. ಆಮೇಲೆ ಮಾಡಿದ ಸ್ನಾನಕ್ಕೆ ಕೊಳಾಯಿ ನೀರು ಸಾಲದೆ ಬಾವಿಯಿಂದಲೂ ಸೇದಿಸಿದರಂತೆ. ಬಟ್ಟೆ ಒಗೆಯುವವಳು ಹೇಳಿದ್ದು ಇದು. ಕೇರಿಯಲ್ಲಿ ಕೇಳಿ ಯಾರೂ ನಗಲಿಲ್ಲ. ಓಬಮ್ಮ ಗೋಡೆ ಕಡೆ ತಿರುಗಿ ಮಲಗಿದ್ದಳು. ಬೆನ್ನು ಊದಿಕೊಂಡು ಅಂಗಾತ ಮಲಗಲು ಆಗುತ್ತಿರಲಿಲ್ಲ.

ದಿನ ಕಳೆದಂತೆ ಸಂದಿ ತುಂಬಿ ಚರಂಡಿಗೆ ಇಳಿಯಿತು. ಚರಂಡಿ ಬೀದಿಗೆ ಬಂತು. ಹಂದಿಗಳು ಬಂದವು. ಸಾವುಕಾರರ ಮನೆಯ ಹೆಂಗಸರು ಕತ್ತಲಲ್ಲಿ ಚೆಂಬು ಹಿಡಿದು ಬಯಲಿಗೆ ಹೋದರು. ಬೆಲ್ಲದ ಅಚ್ಚುಗಳ ಮೇಲೆ ನೊಣ ಕರಿ ಕಂಬಳಿ ಹೊದಿಸಿದಂತೆ ಕೂತವು. ಬಳ್ಳಾರಿ ಕಡೆಯ ಖರೀದಿದಾರರು ಮಂಡಿಯ ಬಾಗಿಲವರೆಗೆ ಬಂದು ಬೆಲ್ಲ ಮುಟ್ಟದೆ ಹಿಂದಿರುಗಿದರು. ಇತ್ತ ಕೇರಿಗೆ ಅಂಗಡಿಯವರು ರಾಗಿ ಕೊಡುವುದನ್ನು ನಿಲ್ಲಿಸಿದರು. ಕೇರಿಯವರು ಅಣ್ಣೆಸೊಪ್ಪು ಬೇಯಿಸಿ ಉಪ್ಪು ಹಾಕಿ ತಿಂದರು. ಉಪ್ಪೂ ಮುಗಿಯಿತು. ಮುನೆಪ್ಪ ಹೆಂಡತಿಯ ಜೊತೆ ಮಾತು ಬಿಟ್ಟಿದ್ದ. ಖಾಲಿ ಗಾಡಿಯ ನೆರಳಲ್ಲಿ ಕೂತು ನೆಲ ಗೀಚುತ್ತಿದ್ದ.

ಆಗ ರಾಮಲಿಂಗಯ್ಯ ಮೇಸ್ತ್ರಿಯನ್ನು ಲಾರಿ ಮಾಡಿಸಿ ಕಲ್ಯಾಣದುರ್ಗಕ್ಕೆ ಕಳಿಸಿದ. ಅಲ್ಲಿ ಕಡಲೆಕಾಯಿ ಸುಗ್ಗಿ ಮುಗಿದು ಕೇರಿಯವರು ಕೆಲಸವಿಲ್ಲದೆ ಕೂತಿದ್ದರು. ಹಿಂದೂಪುರದ ಬೆಲ್ಲದ ಮಂಡಿಯಲ್ಲಿ ಹಮಾಲಿ ಕೆಲಸ ಇದೆ, ಊಟ ಇದೆ ಎಂದು ಮೇಸ್ತ್ರಿ ಹೇಳಿದ. ಲಾರಿ ತುಂಬ ಗಂಡಸರು ಹತ್ತಿದರು. ಅವರಲ್ಲಿ ಓಬಮ್ಮನ ತಮ್ಮ ಮುತ್ಯಾಲಪ್ಪನೂ ಇದ್ದ. ಅಕ್ಕನನ್ನೂ ನೋಡಿದಂತಾಯಿತು ಎಂದು ಅವ್ವ ಕೊಟ್ಟ ಹುರಿದ ಕಡಲೆಕಾಯಿ ಗಂಟು ಕಟ್ಟಿಕೊಂಡು ಹತ್ತಿದ್ದ.

ಲಾರಿ ಸಂದಿಯ ಬಾಯಿಗೆ ಬಂದು ನಿಂತಿತು. ಮೇಸ್ತ್ರಿ ಅವರ ಮುಂದೆ ಹೊಸ ಬುಟ್ಟಿಗಳನ್ನು ಸಾಲಾಗಿ ಇಡಿಸಿದ. ಸುದ್ದಿ ಕೇರಿ ಮುಟ್ಟಿತು. ಕಲ್ಯಾಣದುರ್ಗದವರು ಎಂದು ಕೇಳಿದ್ದೇ ಓಬಮ್ಮ ಎದ್ದಳು. ಕಾಲು ಎಳೆಯುತ್ತ ನಡೆದಳು. ಬೀರಕ್ಕ ಜೊತೆಗೆ ಬಂದಳು. ಕೇರಿಯವರು ಹಿಂದೆ ಬಂದರು.

ಮುತ್ಯಾಲಪ್ಪ ಅಕ್ಕನನ್ನು ಕಂಡು ಮೊದಲು ಗುರುತು ಹಿಡಿಯಲಿಲ್ಲ. ಹಣೆಯ ಗಾಯಕ್ಕೆ ಅರಿಶಿನ ಮೆತ್ತಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಗುರುತು ಹತ್ತಿದ ಮೇಲೆ ಹತ್ತಿರ ಬಂದು ಯಾರು ಹೊಡೆದದ್ದು ಎಂದು ಕೇಳಿದ. ಅವಳು ಅವನ ಕಾಲ ಬಳಿಯ ಬುಟ್ಟಿ ತೋರಿಸಿದಳು.

"ಇದು ಯಾಕೆ ಅಂತ ಗೊತ್ತೇನ್ಲಾ?"

ಬೆಲ್ಲ ಹೊರಲಿಕ್ಕೆ ಎಂದ. ಓಬಮ್ಮ ಅವನ ರಟ್ಟೆ ಹಿಡಿದು ಸಂದಿಯೊಳಗೆ ಕರೆದುಕೊಂಡು ಹೋದಳು. ಪಾದ ಮುಳುಗುವಷ್ಟು ಇತ್ತು. ಮುತ್ಯಾಲಪ್ಪ ಬಾಯಿ ಮೂಗು ಮುಚ್ಚಿಕೊಂಡ. ಅವಳು ಒಂದು ತಗಡಿನ ಬಾಗಿಲೆತ್ತಿ ತೋರಿಸಿದಳು. ಒಳಗೆ ಬಿಳಿ ಹುಳು ಕುದಿಯುತ್ತಿದ್ದವು.

"ಇದ್ರಾಗೆ ಕೈ ಹಾಕಿ ಬಾಚ್ಬೇಕು. ಬಾಚಿ ತಲೆ ಮ್ಯಾಲೆ ಹೊರ್ಬೇಕು. ಮದುವೆಯಾಗಿ ಬಂದಾಗ್ಲಿಂದ ನಾನು ಮಾಡ್ತಿದ್ದುದು ಇದೇ ಕಣ್ಲಾ. ಆಫೀಸು ಗುಡಿಸ್ತೀನಿ ಅಂದಿದ್ದು ಸುಳ್ಳು. ಅವ್ವುಂಗೆ ಹೇಳೋಕೆ ಬಾಯಿ ಬರ್ಲಿಲ್ಲ. ಕೈ ತೊಳ್ಯಾಕೆ ನೀರು ಕೇಳ್ದೆ, ಅದ್ಕೆ ಹೊಡೆದ್ರು. ಈಗ ನನ್ನ ಬದ್ಲಿಗೆ ನಿನ್ನ ತಂದವ್ರೆ."

ಮುತ್ಯಾಲಪ್ಪ ಅಲ್ಲೇ ಕಕ್ಕಿದ. ಕಕ್ಕಿ, ಬಾಯಿ ಒರೆಸಿಕೊಂಡು, ಅಳುತ್ತ ಹೊರಗೆ ಬಂದ. ತನ್ನ ಕಡೆಯವರಿಗೆ ವಿಷಯ ಹೇಳಿದ. ಅವರು ಬುಟ್ಟಿ ಮುಟ್ಟಲಿಲ್ಲ. ಹಸಿದು ಬಂದವರು. ಕೆಲಸ ಮಾಡದಿದ್ದರೆ ಅನ್ನವೂ ಇಲ್ಲ, ಊರಿಗೆ ಲಾರಿಯೂ ಇಲ್ಲ ಎಂದ ಮೇಸ್ತ್ರಿ. ಅವರಲ್ಲಿ ಹಿರಿಯನೊಬ್ಬ, ನಡೆದೇ ಹೋಗುತ್ತೇವೆ ಎಂದ. ಬೀರಕ್ಕ ಅವರನ್ನೆಲ್ಲ ಕೇರಿಗೆ ಕರೆದಳು. ಅಣ್ಣೆಸೊಪ್ಪಿಗೆ ಮುತ್ಯಾಲಪ್ಪನ ಗಂಟಿನ ಕಡಲೆಕಾಯಿ ಕುಟ್ಟಿ ಹಾಕಿ ಎಲ್ಲರೂ ಒಂದೊಂದು ತುತ್ತು ತಿಂದರು.

ಪೇಟೆಯವರಿಗೆ ಇನ್ನು ದಾರಿ ಉಳಿಯಲಿಲ್ಲ. ಮಂಡಿಯ ದೊಡ್ಡ ವ್ಯಾಪಾರಿ ನರಸಿಂಹಯ್ಯ ರಾಮಲಿಂಗಯ್ಯನ ಮೇಲೆ ಹರಿಹಾಯ್ದ. ಒಂದು ಚೆಂಬು ನೀರಿಗೆ ನನ್ನ ಬೆಲ್ಲವೆಲ್ಲ ನೊಣದ ಪಾಲಾಯಿತು, ನಿನ್ನ ಗುತ್ತಿಗೆ ನಿನ್ನ ಮೆಂಬರಿಕೆ ಎರಡೂ ಬೆಂಕಿಗೆ ಹಾಕು ಎಂದನಂತೆ. ಅವನಿಗೆ ಚಿಂತೆ ಬೆಲ್ಲದ್ದು. ಓಬಮ್ಮನ ಬೆನ್ನಿನದಲ್ಲ. ಆದರೂ ಮರುದಿನ ಇಬ್ಬರೂ ಕೇರಿಗೆ ಬಂದರು. ಬೇವಿನ ಮರದ ಕೆಳಗೆ ಕುರ್ಚಿಗಳನ್ನು ಪೇಟೆಯಿಂದಲೇ ಹೊರಿಸಿಕೊಂಡು ಬಂದಿದ್ದರು.

ನರಸಿಂಹಯ್ಯನೇ ಮಾತಾಡಿದ. ಕೇರಿಗೆ ಒಂದು ಕೊಳಾಯಿ ಹಾಕಿಸುತ್ತೇವೆ. ತಲೆಯ ಮೇಲೆ ಹೊರುವುದು ಬೇಡ, ಮುಚ್ಚಳದ ಕೈಗಾಡಿ ಕೊಡಿಸುತ್ತೇವೆ. ನಾಳೆಯಿಂದ ಕೆಲಸಕ್ಕೆ ಬನ್ನಿ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಸಿಗುತ್ತದೆ ಎಂದು ಯಾರೂ ಎಣಿಸಿರಲಿಲ್ಲ.

ಆಮೇಲೆ ರಾಮಲಿಂಗಯ್ಯ ಬಾಯಿ ತೆರೆದ. ಒಂದು ಮಾತು ನನ್ನದೂ ಇದೆ ಎಂದ. ಓಬಿ ನನ್ನ ಮನೆಯ ಮುಂದೆ ಬಂದು, ಹತ್ತು ಜನರ ಎದುರಿಗೆ ಅಡ್ಡಬಿದ್ದು, ತಪ್ಪಾಯ್ತು ಎನ್ನಬೇಕು. ಅದಾದ ಮೇಲೆಯೇ ಕೊಳಾಯಿ.

ಎಲ್ಲರ ಕಣ್ಣೂ ಓಬಮ್ಮನ ಕಡೆ ತಿರುಗಿತು. ಹಸಿದ ಕಣ್ಣುಗಳು. ಒಂದು ಅಡ್ಡ ಬೀಳುವುದರಲ್ಲಿ ಏನು ಹೋಗುತ್ತದೆ, ಮಾಡಿಬಿಡು ತಾಯಿ ಎಂದು ಒಬ್ಬ ಮುದುಕ ಹೇಳಿದ. ಮುನೆಪ್ಪ ಅಷ್ಟು ದಿನದ ಮೇಲೆ ಮಾತಾಡಿದ.

"ಬಿದ್ಬುಡು ಓಬಿ. ಎಲ್ರಿಗೂ ನೀರು ಬತ್ತದೆ."

ಓಬಮ್ಮ ಎದ್ದು ಕುರ್ಚಿಗಳ ಹತ್ತಿರ ಹೋದಳು. ಮೇಸ್ತ್ರಿ ದೂರ ದೂರ ಎಂದ. ಅವಳು ನಿಲ್ಲಲಿಲ್ಲ. ರಾಮಲಿಂಗಯ್ಯ ಕಾಲು ಹಿಂದಕ್ಕೆ ಎಳೆದುಕೊಂಡ.

"ಬೀಳಾಕೆ ನಂಗೇನೂ ಕಷ್ಟ ಇಲ್ಲ ಸಾವ್ಕಾರ್ರೇ" ಅಂದಳು. "ಮೇಸ್ತ್ರಿ ಹೊಡ್ದಾಗ ಪೇಟೆ ಬೀದ್ಯಾಗೇ ಬಿದ್ದಿವ್ನಿ. ಆದ್ರೆ ತಪ್ಪಾಯ್ತು ಅನ್ನಾಕಿಲ್ಲ. ಅಂದ್ರೆ ನೀರು ಕೇಳಿದ್ದೇ ತಪ್ಪು ಅಂತಾಯ್ತದೆ. ನಾಳೆ ಬೀರಕ್ಕ ಕೇಳಿದ್ರೂ ತಪ್ಪು, ಇನ್ನೊಬ್ಳು ಕೇಳಿದ್ರೂ ತಪ್ಪು. ಅದು ನನ್ ಬಾಯಾಗೆ ಬರಾಕಿಲ್ಲ. ನಿಮ್ ಕೆಲ್ಸ ನಂಗೆ ಬ್ಯಾಡ. ಈ ಊರೂ ಬ್ಯಾಡ. ನಾನು ಹೋಯ್ತೀನಿ. ಇವ್ರಿಗೆ ನೀರು ಕೊಡ್ರಿ. ಕೊಡದಿದ್ರೆ ನಿಮ್ದು ನೀವೇ ಬಾಚ್ಕೊಳ್ರಿ. ನಿಮಗೂ ರೂಢಿ ಆಗೈತಂತಲ್ಲ."

ರಾಮಲಿಂಗಯ್ಯನ ಮುಖ ಕಪ್ಪಾಯಿತು. ಎದ್ದು ನಿಂತ. ಕೇರಿಯ ಕಡೆ ನೋಡಿದ. ಯಾರೂ ಕೈ ಮುಗಿಯಲಿಲ್ಲ. ಬೀರಕ್ಕ ಬೋರಲು ಹಾಕಿದ್ದ ಬುಟ್ಟಿಯ ಮೇಲೆ ಕೂತು ಎಲೆ ಅಡಿಕೆ ಅಗಿಯುತ್ತಿದ್ದಳು. ಅವನು ಹೊರಟುಹೋದ. ನರಸಿಂಹಯ್ಯ ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೂತಿದ್ದ. ಹೋಗುವಾಗ, ಅವಳು ಊರು ಬಿಟ್ಟರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಮುದುಕನಿಗೆ ಹೇಳಿ ಹೋದ.

ಹಾಗೆಯೇ ಆಯಿತು. ಓಬಮ್ಮ ತಮ್ಮನ ಜೊತೆ, ಕಲ್ಯಾಣದುರ್ಗದವರ ಜೊತೆ ನಡೆದು ಹೊರಟಳು. ಬೆನ್ನು ನೋವಾದಾಗ ದಾರಿಯಲ್ಲಿ ಸಿಕ್ಕ ಗಾಡಿಯವರು ಹತ್ತಿಸಿಕೊಂಡರು. ಯಾವ ಜನ ಎಂದು ಗೊತ್ತಾದ ಮೇಲೆ ಇಳಿಸಿದರು. ಮುನೆಪ್ಪ ಬರಲಿಲ್ಲ. ಗಾಡಿ ಬಿಟ್ಟರೆ ನನಗೆ ಬೇರೆ ಏನು ಗೊತ್ತು ಎಂದ. ಗಾಡಿ ಬಿಟ್ಟ ದಿನ ಬಾ ಎಂದು ಅವಳು ಹೇಳಿ ಬಂದಳು. ಕೇರಿಗೆ ಕೊಳಾಯಿ ಬಂತು ಎಂದು ಆಮೇಲೆ ಯಾರೋ ಹೇಳಿದರು. ಗೊಬ್ಬರದ ಗುಂಡಿಯ ಪಕ್ಕದಲ್ಲಿ ನೆಟ್ಟಿದ್ದಾರಂತೆ. ಕೈಗಾಡಿಯ ಮುಚ್ಚಳಗಳು ಬೇಗನೇ ಮುರಿದವಂತೆ. ಆದರೂ ಬೀರಕ್ಕ ದಿನಾ ಕೈ ತೊಳೆಯುತ್ತಾಳಂತೆ, ಸಾಕು ಸಾಕು ಎಂದರೂ ನಲ್ಲಿ ನಿಲ್ಲಿಸುವುದಿಲ್ಲವಂತೆ.

ಅವ್ವನಿಗೆ ಓಬಮ್ಮ ತಾನೇ ಹೇಳಿದಳು. ಅವ್ವ ಮಗಳ ಕೈಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಹರಳೆಣ್ಣೆ ತಿಕ್ಕಿದಳು. ಅದು ಬಿಟ್ಟರೆ ಬೇರೆ ಏನೂ ಮಾಡಲಿಲ್ಲ. ಓಬಮ್ಮ ಮಿಲ್ಲಿನಲ್ಲಿ ಕಡಲೆಬೀಜ ಆರಿಸುವ ಕೂಲಿಗೆ ಹೋಗತೊಡಗಿದಳು. ಅಲ್ಲೂ ಬೇರೆ ಸಾಲಿನಲ್ಲಿ ಕೂರಿಸುತ್ತಿದ್ದರು. ಮುನೆಪ್ಪ ಒಂದು ಉಗಾದಿ ಕಳೆದ ಮೇಲೆ ಹೆಗಲಿಗೆ ಗಂಟು ಹಾಕಿಕೊಂಡು ಬಂದ. ಗಾಡಿ ಬಿಟ್ಟೆ ಎಂದ. ಅವಳು ಕೂರಿಸಿ ಊಟ ಹಾಕಿದಳು.

ಕೆಲವು ವರ್ಷ ಹೀಗೇ ನಡೆಯಿತು. ಕಲ್ಯಾಣದುರ್ಗವೂ ಬೆಳೆಯಿತು. ಹೊಸ ಮಿಲ್ಲುಗಳು ಬಂದವು, ಮಹಡಿ ಮನೆಗಳು ಎದ್ದವು. ಮನೆಗಳ ಹಿಂದೆ ಕಕ್ಕಸು ಕಟ್ಟಿಸಿದರು. ಒಂದು ಬೆಳಗ್ಗೆ ಗುತ್ತಿಗೆದಾರನ ಕಡೆಯವನೊಬ್ಬ ಸೈಕಲ್ಲಿನಲ್ಲಿ ಕೇರಿಗೆ ಬಂದ. ಬಿಳೀ ಷರಟು, ಕೈಗೆ ವಾಚು. ಬಂದವನು ಮೊದಲು ಓಬಮ್ಮನ ಮನೆ ಎಲ್ಲಿ ಎಂದು ಕೇಳಿದ. ಬಾಗಿಲಲ್ಲಿ ನಿಂತು ಬಹುವಚನದಲ್ಲಿ ಮಾತಾಡಿದ. ಒಳ್ಳೆಯ ಕೆಲಸ ಇದೆ, ತಿಂಗಳ ಸಂಬಳ ಇದೆ. ಹೆಂಗಸರು ಬೇಕಾಗಿದ್ದಾರೆ. ನೀವು ಹಿಂದೂಪುರದಲ್ಲಿ ಮಾಡಿದವರು, ನಿಮಗೆ ಕೆಲಸ ಗೊತ್ತು ಅಂತ ಕೇಳಿದೆ ಎಂದ.

"ಗೊತ್ತು ಕಣಪ್ಪ. ಅದ್ಕೇ ಬರಾಕಿಲ್ಲ" ಎಂದಳು ಓಬಮ್ಮ.

ಅವನು ನಕ್ಕು, ಬೇರೆಯವರು ಇದ್ದಾರಲ್ಲ ಎಂದು ಸೈಕಲ್ಲು ತಳ್ಳಿಕೊಂಡು ಮುಂದಕ್ಕೆ ಹೊರಟ. ಕೇರಿಯಲ್ಲಿ ಆ ವರ್ಷ ಕೂಲಿ ಕಡಿಮೆ. ತಿಂಗಳ ಸಂಬಳ ಎಂದರೆ ಹೂಂ ಎನ್ನುವ ಮನೆಗಳಿದ್ದವು. ಓಬಮ್ಮ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು ಎದ್ದಳು. ಹಿಂದಿನ ಓಣಿಯಿಂದ ಅವನಿಗಿಂತ ಮುಂಚೆ ಪಕ್ಕದ ಮನೆಗೆ ಹೋದಳು. ಬಾಗಿಲಿಗೆ ಬಂದ ಸೊಸೆಯನ್ನು ನಿಲ್ಲಿಸಿ, ತಗಡಿನ ಬಾಗಿಲು ಎಷ್ಟೆತ್ತರ ಇರುತ್ತದೆ, ಒಳಗೆ ಏನಿರುತ್ತದೆ, ಮಳೆಗಾಲದಲ್ಲಿ ಏನು ಸೋರುತ್ತದೆ, ಎಲ್ಲಿಗೆ ಇಳಿಯುತ್ತದೆ ಎಂದು ಹೇಳಿದಳು. ಯಾವುದನ್ನೂ ಬಿಡಲಿಲ್ಲ, ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಆ ಸೊಸೆ ಬಾಯಿಗೆ ಕೈ ಒತ್ತಿಕೊಂಡಳು.

ಸೈಕಲ್ಲಿನವನು ಆ ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಓಬಮ್ಮ ಅದರ ಮುಂದಿನ ಮನೆಯಲ್ಲಿ ಹೇಳುತ್ತಿದ್ದಳು.